ಕಲ್ಲು ಮುಟ್ಟಿ ನೋಡಿದ ಫೂಟ್ ಸಾಹೇಬರು

ಸಿವಿಲ್ ಬ್ರಾಂಚಿನವರಿಗೆ ಸರ್ವೆ ಕ್ಯಾಂಪ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಟೋಟಲ್ ಸ್ಟೇಷನ್ ಹೊತ್ತುಕೊಂಡು ಹೊರಟರೆ, ಸಂಜೆ ಕಾಲಿಗೆ ಅಂಟಿದ ಕೆಂಪು ಮಣ್ಣು ತೊಳೆಯೋದೇ ಒಂದು ಕೆಲಸ. ಈ ಸಲ ನಮ್ಮ ಕ್ಯಾಂಪ್ ಬಿದ್ದದ್ದು ಖಾನಾಪುರ ತಾಲೂಕಿನ ಜಾಂಬೋಟಿಯಲ್ಲಿ. ಬೆಳಗಾವಿಯಿಂದ ಚೋರ್ಲಾ ಘಾಟಿನ ಕಡೆ ಹೋಗುವ ದಾರಿಯಲ್ಲಿ ಕಾಡಿನ ಅಂಚಿಗೆ ಇರುವ ಊರು. ಮುಂದೆ ಹೋದರೆ ಮಲಪ್ರಭೆ ಹುಟ್ಟುವ ಕಣಕುಂಬಿ. ಎಲ್ಲಿ ನೋಡಿದರೂ ಹಸಿರು, ಅದರ ಕೆಳಗೆ ತೂತುತೂತಾದ ಕೆಂಪು ಜಂಬಿಟ್ಟಿಗೆ ಕಲ್ಲು.

ಆದರೆ ಆ ಆರು ದಿನ ನಾವು ಏಳು ಮಂದಿ ನೋಡಿದ್ದು ಹಸಿರನ್ನೂ ಅಲ್ಲ, ಕಲ್ಲನ್ನೂ ಅಲ್ಲ. ಫೋನ್. ಕ್ಯಾಂಪಿಗೆ ಬರುವ ಮೂರು ವಾರ ಮೊದಲು, ಮುಖವನ್ನೇ ನೋಡಿರದ ಯಾರೋ ಒಬ್ಬರು ಒಂದು ಗ್ರೂಪಿನಲ್ಲಿ ಹಾಕಿದ ಮೆಸೇಜ್ ನಂಬಿ ಒಂದು ಸಣ್ಣ ಕಂಪನಿಯ ಷೇರು ಕೊಂಡಿದ್ವಿ. ಆ ಕಂಪನಿಗೆ ಎಲ್ಲೋ ದೂರದಲ್ಲಿ ಚಿನ್ನದ ನಿಕ್ಷೇಪ ಸಿಕ್ಕಿದೆಯಂತೆ, ವರ್ಷದೊಳಗೆ ಷೇರು ಹತ್ತು ಪಟ್ಟು ಆಗುತ್ತದಂತೆ. ಏಳೂ ಜನ ಸೇರಿ ಹಾಕಿದ್ದು 61,500 ರೂಪಾಯಿ. ನಾಲ್ಕು ದಿನ ಅಪ್ಪರ್ ಸರ್ಕ್ಯೂಟ್ ಹೊಡೀತು, ನಾವು ಖಾನಾವಳಿಯಲ್ಲಿ ಪಾರ್ಟಿ ಮಾಡಿದ್ವಿ. ಐದನೇ ದಿನದಿಂದ ಲೋವರ್ ಸರ್ಕ್ಯೂಟ್. ಮಾರೋಣ ಅಂದ್ರೆ ಕೊಳ್ಳುವವರೇ ಇಲ್ಲ. ಜಾಂಬೋಟಿಯಲ್ಲಿ ನೆಟ್‌ವರ್ಕ್ ಸಿಗಬೇಕಂದ್ರೆ ರಸ್ತೆಯ ಏರಿಗೆ ನಡೆದು ಹೋಗಬೇಕಿತ್ತು. ದಿನಾ ಬೆಳಿಗ್ಗೆ ಒಂಬತ್ತೂಕಾಲಿಗೆ ಸ್ಟಾಫ್ ಹಿಡಿಯುವವನೂ ಇಲ್ಲ, ರೀಡಿಂಗ್ ಬರೆಯುವವನೂ ಇಲ್ಲ. ಎಲ್ಲರೂ ಏರಿನ ಮೇಲೆ.

ಮೂರನೇ ದಿನ ರಾತ್ರಿ ನಮ್ಮಲ್ಲೊಬ್ಬ ಊಟ ಬಿಟ್ಟು ಎದ್ದು ಹೋದ. ಆಮೇಲೆ ಗೊತ್ತಾಯ್ತು, ಅವನ ಪಾಲಿನ ರೊಕ್ಕ ಹಾಸ್ಟೆಲ್ ಫೀಸಿನದು. ಅದಕ್ಕಾಗಿ ಅವನ ಅವ್ವ ಬಳೆ ಅಡವಿಟ್ಟಿದ್ದರು.

ಮರುದಿನ ಜಿಯಾಲಜಿ ಕಲಿಸುವ ನಮ್ಮ ಮೇಡಂ ನಮ್ಮನ್ನು ಒಂದು ಹಳ್ಳದ ದಂಡೆಗೆ ಕರ್ಕೊಂಡು ಹೋಗಿ ಕಲ್ಲು ಒಡೆದು ತೋರಿಸಿದರು. ಈ ಸೀಮೆಯ ಬಂಡೆಗಳನ್ನು ಮೊದಲು ವಿವರವಾಗಿ ಓದಿದವರು ರಾಬರ್ಟ್ ಬ್ರೂಸ್ ಫೂಟ್ ಅಂತ ಹೇಳಿ, ಚಿನ್ನದ ಷೇರಿನ ಹುಚ್ಚು ದಕ್ಷಿಣ ಭಾರತಕ್ಕೆ ಹಿಡಿದ ಕಾಲದಲ್ಲೇ ಅವರು ಚಿನ್ನದ ನೆಲದ ಮೇಲೆ ಸುತ್ತಾಡುತ್ತಿದ್ದರು ಅಂತ ಒಂದು ಮಾತು ಸೇರಿಸಿದರು. ನಮ್ಮ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ, ಆ ಮಾತು ಮಾತ್ರ ನಮಗೆ ತಾಗಿತು. ಕ್ಯಾಂಪ್ ಮುಗಿಸಿ ಬಂದು ಲೈಬ್ರರಿಯಲ್ಲಿ ಕೂತು ಓದಿದ್ದನ್ನು ಇಲ್ಲಿ ಬರೀತಾ ಇದ್ದೇವೆ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಿನಲ್ಲಿ. 1858ರಲ್ಲಿ, ಅಂದರೆ ಇಪ್ಪತ್ನಾಲ್ಕರ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಸೇರಿ ಮದ್ರಾಸಿಗೆ ಬಂದರು. ನಮಗಿಂತ ಎರಡು ಮೂರು ವರ್ಷ ದೊಡ್ಡವರು ಅಷ್ಟೇ! ಆ ಸಂಸ್ಥೆ ಶುರುವಾಗಿ ಆಗಿನ್ನೂ ಏಳು ವರ್ಷ. ಥಾಮಸ್ ಓಲ್ಡ್‌ಹ್ಯಾಮ್ ಅದರ ಮುಖ್ಯಸ್ಥರು. ಕೆಲಸ ಹೇಳೋದಕ್ಕೆ ಸುಲಭ: ನಕ್ಷೆ ಹಿಡಿದು ಊರೂರು ಸುತ್ತಬೇಕು, ಎಲ್ಲಿ ಯಾವ ಬಂಡೆ ಇದೆ ಅಂತ ಕಣ್ಣಾರೆ ನೋಡಿ ಗುರುತು ಹಾಕಬೇಕು. ಡ್ರೋನ್ ಇಲ್ಲ, ಜಿಪಿಎಸ್ ಇಲ್ಲ. ಮಳೆಗಾಲ ಮುಗಿದ ಮೇಲೆ ಡೇರೆ ಕಟ್ಟಿಕೊಂಡು ಹೊರಟರೆ ಬೇಸಿಗೆ ಜೋರಾಗುವ ತನಕ ತಿರುಗಾಟ. ಮಳೆಗಾಲದಲ್ಲಿ ಕೂತು ಬರೆಯೋದು. ಈ ಕೆಲಸವನ್ನು ಅವರು ಮೂವತ್ಮೂರು ವರ್ಷ ಮಾಡಿದರು.

ಅವರ ಹೆಸರು ಇವತ್ತಿಗೂ ಉಳಿದಿರೋದು ಒಂದು ಕಲ್ಲಿನಿಂದ. 1863ರ ಮೇ 30ರಂದು ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ, ಜಲ್ಲಿ ತೆಗೆಯುವ ಒಂದು ಗುಂಡಿಯಲ್ಲಿ, ಅವರಿಗೆ ಮನುಷ್ಯ ಕೈಯಾರೆ ಒಡೆದು ಮಾಡಿದ ಕಲ್ಲಿನ ಆಯುಧ ಸಿಕ್ಕಿತು. ಜಾಂಬೋಟಿಯ ಕೆಂಪು ಕಲ್ಲಿನ ಬಳಗದ್ದೇ ಜಲ್ಲಿ ಅದು. ಯುರೋಪಿನಲ್ಲಿ ಇಂಥ ಆಯುಧಗಳ ಬಗ್ಗೆ ಆಗಷ್ಟೇ ವಾದ ನಡೆದು ಒಪ್ಪಿಗೆ ಸಿಕ್ಕಿತ್ತು. ಭಾರತದಲ್ಲಿ ಹಳೆ ಶಿಲಾಯುಗ ಇತ್ತು ಅಂತ ಯಾರೂ ತೋರಿಸಿರಲಿಲ್ಲ. ಒಂದು ಕಲ್ಲು ಸಿಕ್ಕಿತು ಅಂತ ಫೂಟ್ ಸುಮ್ಮನಾಗಲಿಲ್ಲ. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಹುಡುಕಿ ಇನ್ನಷ್ಟು ಆಯುಧಗಳನ್ನು ಪತ್ತೆ ಮಾಡಿದರು. ಒಂದು ಕಡೆ ಸಿಕ್ಕಿದ್ದು ಆಕಸ್ಮಿಕ ಇರಬಹುದು, ಎರಡನೇ ಕಡೆಯೂ ಅದೇ ಥರದ ಪದರದಲ್ಲಿ ಸಿಕ್ಕರೆ ಆಧಾರ ಗಟ್ಟಿಯಾಯಿತು. ಭಾರತದ ಪ್ರಾಗಿತಿಹಾಸದ ಪಿತಾಮಹ ಅಂತ ಅವರನ್ನು ಕರೆಯೋದು ಇದಕ್ಕೇ. ವಿಲಿಯಂ ಕಿಂಗ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1870ರ ಸುಮಾರಿಗೆ ಫೂಟ್ ನಮ್ಮ ಕಡೆ ಇದ್ದರು. ದಕ್ಷಿಣ ಮರಾಠಾ ಸೀಮೆ ಅಂತ ಆಗ ಕರೆಯುತ್ತಿದ್ದ ಪ್ರದೇಶ, ಅಂದರೆ ಬೆಳಗಾವಿ, ಕಲಾದಗಿ ಮತ್ತು ಸುತ್ತಲಿನ ಸಂಸ್ಥಾನಗಳ ನೆಲ, ಅವರ ಪಾಲಿಗೆ ಬಂದಿತ್ತು. ಖಾನಾಪುರ, ಜಾಂಬೋಟಿ ಕಡೆಯ ಘಟ್ಟವೂ ಅದರೊಳಗೇ ಬರುತ್ತದೆ. ಈ ಜಾಗ ಭೂವಿಜ್ಞಾನಿಗೆ ಹಬ್ಬ. ಉತ್ತರದಿಂದ ಬಂದ ದಖ್ಖನ್ನಿನ ಕರಿ ಲಾವಾ ಬಂಡೆ ಇಲ್ಲಿಗೆ ಮುಗಿಯುತ್ತ ಬರುತ್ತದೆ, ಕೆಳಗಿನಿಂದ ಅದಕ್ಕಿಂತ ಎಷ್ಟೋ ಹಳೆಯ ಬಂಡೆಗಳು ತಲೆ ಎತ್ತುತ್ತವೆ, ಮೇಲೆ ಜಂಬಿಟ್ಟಿಗೆಯ ಟೊಪ್ಪಿಗೆ. ಗೋಕಾಕದ ಹತ್ತಿರ ಹಳೆಯ ಮೆಕ್ಕಲು ಮಣ್ಣಿನಲ್ಲಿ ಅವರಿಗೆ ಘೇಂಡಾಮೃಗದ ಪಳೆಯುಳಿಕೆ ಕೂಡ ಸಿಕ್ಕಿತು. 1874ರಲ್ಲಿ ಅದರ ವಿವರ ಪ್ರಕಟಿಸಿದರು. ಗೋಕಾಕದಲ್ಲಿ ಘೇಂಡಾಮೃಗ! ಕರದಂಟು ತಿನ್ನೋಕೆ ಅಂತ ಅಲ್ಲಿಗೆ ಹೋಗುವ ನಮಗೆ ಇದು ಗೊತ್ತೇ ಇರಲಿಲ್ಲ. ಇಡೀ ಸೀಮೆಯ ವರದಿ 1876ರಲ್ಲಿ ಸರ್ವೇಕ್ಷಣಾಲಯದ ಗ್ರಂಥಮಾಲೆಯಲ್ಲಿ ಹೊರಬಂತು.

ಇದರ ನಡುವೆಯೇ ಚಿನ್ನದ ಕಥೆ ಶುರು. ಗದಗಿನ ಹತ್ತಿರ ಕಪ್ಪತಗುಡ್ಡ ಇದೆಯಲ್ಲ, ಡಂಬಳದ ಗುಡ್ಡಗಳು ಅಂತಲೂ ಆಗ ಹೆಸರು. ಅಲ್ಲಿನ ಹಳ್ಳಗಳಲ್ಲಿ ಮಳೆ ಬಿದ್ದ ಮೇಲೆ ಮಣ್ಣು ತೊಳೆದು ಚಿನ್ನದ ಕಣ ಆರಿಸುವ ಜನ ಇದ್ದರು. ಅವರನ್ನು ಜಾಲಗಾರರು ಅಂತಾರೆ. ಚಿನ್ನ ಇದೆ ಅನ್ನೋದು ಸುಳ್ಳಲ್ಲ, ಅವರ ಮರಿಗೆಯ ತಳದಲ್ಲೇ ಹೊಳೆಯುತ್ತಿತ್ತು. ಹಾಗಾದರೆ ಗುಡ್ಡದ ತುಂಬ ಚಿನ್ನವೇ ಅಂತ ಹೇಳಿಬಿಡೋದು ಎಷ್ಟು ಸುಲಭ! ಫೂಟ್ ಗುಡ್ಡ ಸುತ್ತಿ ನೋಡಿ 1874ರಲ್ಲಿ ಒಂದು ಲೇಖನ ಬರೆದರು. ಯಾವ ಹಳ್ಳಕ್ಕೆ ಯಾವ ಬಂಡೆಯ ಪಟ್ಟಿಯಿಂದ ನೀರು ಬರುತ್ತದೆ, ಬೆಣಚುಕಲ್ಲಿನ ಎಳೆಗಳು ಎಲ್ಲಿವೆ ಅನ್ನೋದು ಅವರ ಪ್ರಶ್ನೆ. ಹಳ್ಳದಲ್ಲಿ ಕಣ ಸಿಗೋದು ಬೇರೆ, ಅದು ಹುಟ್ಟಿದ ಕಲ್ಲಿನಲ್ಲಿ ಗಣಿ ತೋಡುವಷ್ಟು ಇರೋದು ಬೇರೆ. ನಾವು ಷೇರು ಕೊಳ್ಳುವಾಗ ಈ ಎರಡರ ನಡುವಿನ ದೂರವನ್ನು ಒಂದೇ ಹೆಜ್ಜೆಯಲ್ಲಿ ಹಾರಿಬಿಟ್ಟಿದ್ವಿ.

ನಮ್ಮ ಹಾಗೇ ಹಾರಿದವರು ಆಗಲೂ ಇದ್ದರು. ಈಗ ಕಪ್ಪತಗುಡ್ಡದಿಂದ ದಕ್ಷಿಣಕ್ಕೆ, ನೀಲಗಿರಿಯ ಪಕ್ಕದ ವೈನಾಡಿಗೆ ಹೋಗೋಣ. ಅಲ್ಲಿಯೂ ತಲೆತಲಾಂತರದಿಂದ ಜನ ಚಿನ್ನ ತೊಳೆಯುತ್ತಿದ್ದರು. ಫೂಟರ ಜೊತೆಗಾರ ವಿಲಿಯಂ ಕಿಂಗ್ ಆ ನೆಲ ನೋಡಿ 1875ರಲ್ಲಿ ಒಂದು ಆರಂಭಿಕ ಟಿಪ್ಪಣಿ ಬರೆದಿದ್ದರು. ಆಮೇಲೆ ಆಸ್ಟ್ರೇಲಿಯಾದಲ್ಲಿ ಗಣಿ ಇಲಾಖೆಯ ಅನುಭವ ಇದ್ದ ಬ್ರೋ ಸ್ಮಿತ್ ಅನ್ನುವವರನ್ನು ಸರ್ಕಾರ ಕರೆಸಿತು. 1880ರಲ್ಲಿ ಬಂದ ಅವರ ವರದಿ ತುಂಬ ಆಶಾದಾಯಕವಾಗಿತ್ತು. ಲಂಡನ್ನಿನಲ್ಲಿ ಷೇರಿನ ಹುಚ್ಚು ಹತ್ತಿಕೊಳ್ಳೋಕೆ ಅಷ್ಟು ಸಾಕಾಯಿತು.

ಒಂದೆರಡು ವರ್ಷದೊಳಗೆ ವೈನಾಡಿನ ಚಿನ್ನದ ಹೆಸರಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಎದ್ದವು. ಹತ್ತಾರು ಲಕ್ಷ ಪೌಂಡ್ ಬಂಡವಾಳ. ಹಣ ಹಾಕಿದ ಬಹುತೇಕರು ವೈನಾಡನ್ನು ನಕ್ಷೆಯಲ್ಲಿ ಕೂಡ ನೋಡಿದವರಲ್ಲ. ಆಟ ಹೀಗಿತ್ತು: ಪ್ರವರ್ತಕರು ಕಾಫಿ ತೋಟದ ಜಮೀನನ್ನು ಚಿನ್ನದ ಜಮೀನು ಅಂತ ಹೇಳಿ ವಿಪರೀತ ಬೆಲೆಗೆ ಕಂಪನಿಗೇ ಮಾರೋದು. ಅಲ್ಲಿಗೆ ಷೇರುದಾರರ ರೊಕ್ಕದ ದೊಡ್ಡ ಪಾಲು ಗುದ್ದಲಿ ನೆಲಕ್ಕೆ ತಾಗುವ ಮುಂಚೆಯೇ ಖಾಲಿ. ಉಳಿದದ್ದರಲ್ಲಿ ಕಲ್ಲು ಪುಡಿ ಮಾಡುವ ಭಾರೀ ಯಂತ್ರ ತರಿಸೋದು. ಕಲ್ಲಿನಲ್ಲಿ ಎಷ್ಟು ಚಿನ್ನ ಇದೆ ಅಂತ ಖಾತ್ರಿ ಮಾಡಿಕೊಳ್ಳೋ ಮೊದಲೇ ಯಂತ್ರ! ದೇವಾಲ, ಪಂದಲೂರಿನಂಥ ಸಣ್ಣ ಊರುಗಳು ರಾತ್ರೋರಾತ್ರಿ ಪೇಟೆಯಾದವು. ಕೊನೆಗೆ ಯಂತ್ರ ತಿರುಗಿದಾಗ ಟನ್ನುಗಟ್ಟಲೆ ಕಲ್ಲಿಗೆ ಸಿಕ್ಕ ಚಿನ್ನ ಖರ್ಚಿಗೂ ಸಾಲಲಿಲ್ಲ. ಕೆಲವೇ ವರ್ಷದಲ್ಲಿ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ತುಕ್ಕು ಹಿಡಿದ ಯಂತ್ರಗಳು ಕಾಡಿನಲ್ಲೇ ಉಳಿದವು.

ಈಗ ಇದಕ್ಕೆ ಎದುರಾದ ಕಥೆಯನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಅದು ಕೋಲಾರ. ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅಲ್ಲಿ ಗಣಿ ತೋಡುವ ಹಕ್ಕು ಪಡೆದ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ. 1880ರಲ್ಲಿ ಮೈಸೂರು ಮೈನಿಂಗ್ ಕಂಪನಿ ಶುರುವಾಯಿತು. ಮೂರ್ನಾಲ್ಕು ವರ್ಷ ತೋಡಿದರೂ ಏನೂ ಸಿಗದೆ ಅದರ ಬಂಡವಾಳವೂ ಮುಗಿಯುತ್ತ ಬಂತು. ಷೇರನ್ನು ಕೇಳುವವರಿಲ್ಲ. ಮುಚ್ಚಿಬಿಡೋಣ ಅನ್ನುವ ಹೊತ್ತಿಗೆ, ಗಣಿ ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಸಂಸ್ಥೆಯವರು ಉಳಿದ ಹಣದಲ್ಲಿ ಕೊನೆಯ ಪ್ರಯತ್ನಕ್ಕೆ ಪ್ಲಮ್ಮರ್ ಎಂಬ ಗಣಿ ಪರಿಣತನನ್ನು ಕಳಿಸಿದರು. ಅವನು ಹಳೆ ಕಾಲದ ನಮ್ಮವರು ತೋಡಿ ಬಿಟ್ಟಿದ್ದ ಗುಂಡಿಗಳನ್ನು ಹಿಂಬಾಲಿಸಿ ಕೆಳಗೆ ಇಳಿದ. ಚಾಂಪಿಯನ್ ಪದರ ಸಿಕ್ಕಿತು. ಆಮೇಲಿನದು ನಿಮಗೆ ಗೊತ್ತೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು, ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ.

ಇದನ್ನು ಓದಿದಾಗ ನಮ್ಮಲ್ಲಿ ಇಬ್ಬರು ಹಿಗ್ಗಿದರು. ಅಂದ್ರೆ ನಮ್ಮ ಷೇರೂ ತಿರುಗಬಹುದಲ್ಲ! ಆದರೆ ವ್ಯತ್ಯಾಸ ನೋಡಿ. ಪ್ಲಮ್ಮರನ ಮುಂದೆ ನೆಲದ ಮೇಲೆ ಒಂದು ಆಧಾರ ಇತ್ತು. ಹಿಂದಿನವರು ಕಬ್ಬಿಣದ ಉಪಕರಣ ಮತ್ತು ಬೆಂಕಿ ಹಿಡಿದು ಅಷ್ಟು ಆಳ ತೋಡಿದ್ದರೆ ಅಲ್ಲಿ ಏನಾದರೂ ಸಿಗುತ್ತಿದ್ದಿರಲೇಬೇಕು. ನಮ್ಮ ಮುಂದಿದ್ದದ್ದು ಒಂದು ಮೆಸೇಜ್ ಮಾತ್ರ. ಇನ್ನೂ ಒಂದು ಮಾತು: ಕೋಲಾರದಲ್ಲಿ ಉಳಿದುಕೊಂಡವರ ಕಥೆಯನ್ನು ನಾವು ಓದುತ್ತೇವೆ, ವೈನಾಡಿನಲ್ಲಿ ಮುಳುಗಿದ ಮೂವತ್ತು ಕಂಪನಿಗಳ ಷೇರುದಾರರ ಕಥೆಯನ್ನು ಯಾರೂ ಪಾಠ ಮಾಡಿಲ್ಲ.

ಫೂಟ್ ಈ ಗದ್ದಲದ ನಡುವೆ ಏನು ಮಾಡುತ್ತಿದ್ದರು? ನಡೆಯುತ್ತಿದ್ದರು. ಮೈಸೂರು ಸೀಮೆಯ ಚಿನ್ನದ ಪ್ರದೇಶಗಳನ್ನು ಅಡ್ಡ ಹಾಯ್ದು ನೋಡಿದ ಟಿಪ್ಪಣಿಯನ್ನು 1882ರಲ್ಲಿ ಪ್ರಕಟಿಸಿದರು. 1887ರಲ್ಲಿ ಮೈಸೂರು ಸರ್ಕಾರಕ್ಕಾಗಿ ಅಲ್ಲಿನ ಚಿನ್ನದ ಪಟ್ಟಿಗಳ ಮೇಲೆ ವರದಿ ಕೊಟ್ಟರು. ಬೆಳಗಾವಿ, ಧಾರವಾಡ, ಬಳ್ಳಾರಿ, ಕೋಲಾರ ಎಲ್ಲ ಕಡೆ ನೋಡಿದ್ದನ್ನು ಜೋಡಿಸಿದಾಗ ಅವರಿಗೆ ಒಂದು ವಿಷಯ ಕಂಡಿತು. ಚಿನ್ನ ಸಿಗುವ ಜಾಗಗಳು ಅಲ್ಲೊಂದು ಇಲ್ಲೊಂದು ಚೆಲ್ಲಿದಂತೆ ಕಂಡರೂ, ಅವುಗಳಲ್ಲಿ ಬಹುಪಾಲು ಒಂದೇ ಬಗೆಯ, ಮಡಿಕೆ ಬಿದ್ದ ಹಳೆಯ ಪದರಶಿಲೆಗಳ ಪಟ್ಟಿಗಳ ಮೇಲಿವೆ. ಆ ಶಿಲಾ ಸಮೂಹಕ್ಕೆ ಅವರು ಧಾರವಾಡದ ಹೆಸರನ್ನೇ ಇಟ್ಟರು. ಧಾರವಾಡ ಶಿಲಾ ವ್ಯವಸ್ಥೆ ಅಂತ ನಾವು ಎರಡು ಮಾರ್ಕಿಗೆ ಬಾಯಿಪಾಠ ಮಾಡಿದ್ದು ಇದೇ. ದಕ್ಷಿಣ ಭಾರತದಲ್ಲಿ ಚಿನ್ನ ಹುಡುಕುವವನು ಮೊದಲು ಎಲ್ಲಿ ನೋಡಬೇಕು, ಎಲ್ಲಿ ನೋಡಿ ಪ್ರಯೋಜನ ಕಡಿಮೆ ಅನ್ನೋದಕ್ಕೆ ಅದು ದಾರಿ ತೋರಿಸಿತು. ಇವತ್ತಿಗೂ ಚಿನ್ನ ತೆಗೆಯುತ್ತಿರುವ ರಾಯಚೂರು ಜಿಲ್ಲೆಯ ಹಟ್ಟಿ ಕೂಡ ಅಂಥದೇ ಪಟ್ಟಿಯ ಮೇಲಿದೆ.

ಅವರ ಸ್ವಭಾವ ಗೊತ್ತಾಗಬೇಕಂದ್ರೆ ಬಳ್ಳಾರಿ ಸೀಮೆಯ ಬೂದಿ ದಿಬ್ಬಗಳ ಕಥೆ ಕೇಳಬೇಕು. ಕುಡತಿನಿಯಲ್ಲಿ ದೊಡ್ಡ ಬೂದಿ ದಿಬ್ಬ ಇದೆ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಅಂತ ಊರಿನ ನಂಬಿಕೆ. ಕಲಿತವರು ಜ್ವಾಲಾಮುಖಿ ಅಂದರು, ಇನ್ನೂ ಏನೇನೋ ಅಂದರು. ಫೂಟ್ ದಿಬ್ಬಗಳ ಒಳಗಿನ ಮಡಕೆ ಚೂರು, ಮೂಳೆ, ನಯ ಮಾಡಿದ ಕಲ್ಲಿನ ಕೊಡಲಿಗಳನ್ನು ನೋಡಿ, ಇದು ಹೊಸ ಶಿಲಾಯುಗದ ದನಗಾಹಿಗಳ ದೊಡ್ಡಿಯಲ್ಲಿ ಬೆಂದ ಸಗಣಿಯ ಬೂದಿ ಅನ್ನುವ ತೀರ್ಮಾನಕ್ಕೆ ಬಂದರು. ಎಷ್ಟೋ ದಶಕದ ಮೇಲೆ ನಡೆದ ಉತ್ಖನನಗಳು ಅವರ ಮಾತನ್ನೇ ಎತ್ತಿ ಹಿಡಿದವು. ರೋಚಕ ಕಥೆ ಬಿಟ್ಟು ಸಗಣಿಯನ್ನು ಒಪ್ಪಿಕೊಳ್ಳೋಕೂ ಧೈರ್ಯ ಬೇಕು. ಬಳ್ಳಾರಿಯಲ್ಲಿ ಇವತ್ತು ಅವರ ಹೆಸರಿನ ವಸ್ತುಸಂಗ್ರಹಾಲಯ ಇದೆ.

1891ರಲ್ಲಿ ಸರ್ವೇಕ್ಷಣಾಲಯದಿಂದ ನಿವೃತ್ತರಾದರು. ಆಮೇಲೂ ಕಾಲು ಸುಮ್ಮನಿರಲಿಲ್ಲ. ಬರೋಡಾ ಸಂಸ್ಥಾನಕ್ಕೆ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಆರಂಭದ ಹೊಣೆಯೂ ಅವರ ಮೇಲೆಯೇ ಬಿತ್ತು. ಕೊನೆಗಾಲವನ್ನು ಏರ್ಕಾಡಿನ ಬೆಟ್ಟದಲ್ಲಿ ಕಳೆದರು. ನಲವತ್ತು ವರ್ಷ ಕೂಡಿಟ್ಟ ಆಯುಧ, ಮಡಕೆಗಳ ಸಂಗ್ರಹ 1904ರಲ್ಲಿ ಮದ್ರಾಸ್ ಮ್ಯೂಸಿಯಂ ಸೇರಿತು. ಪ್ರತಿ ವಸ್ತು ಎಲ್ಲಿ ಸಿಕ್ಕಿತು ಅಂತ ಬರೆದಿಟ್ಟ ಪಟ್ಟಿ ಅವರು ತೀರಿಕೊಂಡ ಮೇಲೆ ಪುಸ್ತಕವಾಗಿ ಬಂತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಕಣ್ಣು ಮುಚ್ಚಿದರು.

ಅವರ ಕೊನೆಯ ವರ್ಷಗಳಲ್ಲೇ ಕಪ್ಪತಗುಡ್ಡದ ಸುತ್ತ ಕಂಪನಿಗಳು ಬಂದು ಗಣಿ ತೋಡಿದವು. ಚಿನ್ನ ಸಿಕ್ಕಿತು, ಲಾಭ ಸಿಗಲಿಲ್ಲ. ಮುಚ್ಚಿ ಹೋದವು. ಕೋಲಾರವನ್ನೇ ನೋಡಿ, 2001ರಲ್ಲಿ ಮುಚ್ಚುವಾಗ ಅಲ್ಲಿ ಚಿನ್ನ ಮುಗಿದಿರಲಿಲ್ಲ. ಮೂರು ಕಿಲೋಮೀಟರ್ ಆಳದಿಂದ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು.

ಈ ಆಟ ಈಗಿನ ಕಾಲದಲ್ಲೂ ನಡೆದಿದೆ. 1990ರ ದಶಕದಲ್ಲಿ ಬ್ರೆ-ಎಕ್ಸ್ ಅನ್ನುವ ಕೆನಡಾದ ಕಂಪನಿ ಇಂಡೊನೇಷ್ಯಾದ ಕಾಡಿನಲ್ಲಿ ಭಾರೀ ಚಿನ್ನ ಸಿಕ್ಕಿದೆ ಅಂತ ಹೇಳಿ ಸುಮಾರು 600 ಕೋಟಿ ಕೆನಡಾ ಡಾಲರ್ ಬೆಲೆಗೆ ಏರಿತು. 1997ರಲ್ಲಿ ಪಾಲುದಾರಿಕೆಗೆ ಬಂದ ಫ್ರೀಪೋರ್ಟ್ ಕಂಪನಿ ಹಳೆ ರಂಧ್ರಗಳ ಪಕ್ಕದಲ್ಲೇ ತಾನೇ ಹೊಸದಾಗಿ ಕೊರೆಸಿ ನೋಡಿತು. ಚಿನ್ನ ಇರಲಿಲ್ಲ! ಮಾದರಿಗಳಿಗೆ ಯಾರೋ ಚಿನ್ನದ ಪುಡಿ ಬೆರೆಸಿದ್ದರು. ಸಾವಿರಾರು ಜನ ಆ ಕಂಪನಿಯ ಷೇರು ಕೊಂಡಿದ್ದರು, ರಂಧ್ರ ಕೊರೆದು ನೋಡಿದವರು ಒಬ್ಬರೇ.

ಕ್ಯಾಂಪಿನಿಂದ ಬಂದ ಮೇಲೆ ನಾವು ಕೊಳ್ಳುವ ಮುಂಚೆ ಮಾಡಬೇಕಿದ್ದ ಕೆಲಸವನ್ನು ತಡವಾಗಿ ಮಾಡಿದ್ವಿ. ಷೇರು ಪೇಟೆಯ ವೆಬ್‌ಸೈಟಿನಲ್ಲೇ ಬಿಟ್ಟಿ ಸಿಗುವ ಆ ಕಂಪನಿಯ ವಾರ್ಷಿಕ ವರದಿ ತೆಗೆದು ಓದಿದ್ವಿ. ಎರಡು ಸಂಜೆ ಸಾಕಾಯಿತು. ಮೂರು ವರ್ಷದಿಂದ ವ್ಯಾಪಾರದ ಆದಾಯ ಹೆಚ್ಚುಕಡಿಮೆ ಸೊನ್ನೆ. ಪ್ರವರ್ತಕರ ಪಾಲು ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಇಳಿಯುತ್ತ ಬಂದಿದೆ, ಅಂದರೆ ನಮಗೆ ಮಾರಿದವರೇ ಅವರು. ಲೆಕ್ಕಪರಿಶೋಧಕರು ನಡುವೆಯೇ ಬದಲಾಗಿದ್ದಾರೆ. ನಿಕ್ಷೇಪ ಅಂದದ್ದು ಪ್ರಾಥಮಿಕ ಹುಡುಕಾಟದ ಹಂತದ್ದು. ನಮ್ಮ ದೇಶದಲ್ಲಿ ಖನಿಜ ಶೋಧನೆಗೆ ಜಿ4ರಿಂದ ಜಿ1ರವರೆಗೆ ನಾಲ್ಕು ಹಂತ ಇದೆ. ಜಿ4 ಅಂದ್ರೆ ಮೇಲ್ಮೈ ನೋಟ, ಜಿ1 ಅಂದ್ರೆ ಒತ್ತೊತ್ತಾಗಿ ಕೊರೆದು ಅಳೆದದ್ದು. ನಾವು ಜಿ4ಕ್ಕೆ ಜಿ1ರ ಬೆಲೆ ಕೊಟ್ಟಿದ್ವಿ. ಟನ್ನಿಗೆ ಎಷ್ಟು ಗ್ರಾಂ ಅನ್ನುವ ಒಂದೇ ಒಂದು ಅಂಕಿ ಆ ವರದಿಯಲ್ಲಿ ಎಲ್ಲೂ ಇರಲಿಲ್ಲ.

ಲೆವೆಲಿಂಗ್ ಮಾಡುವಾಗ ನಾವು ಬೆಂಚ್ ಮಾರ್ಕಿನಿಂದ ಹೊರಟು ಮತ್ತೆ ಬೆಂಚ್ ಮಾರ್ಕಿಗೇ ಬಂದು ಲೆಕ್ಕ ಮುಚ್ಚುತ್ತೇವೆ. ಎರಡು ರೀಡಿಂಗ್ ಹೊಂದದಿದ್ದರೆ ಇಡೀ ದಿನದ ಕೆಲಸ ಮತ್ತೆ. ಐದು ಮಿಲಿಮೀಟರ್ ತಪ್ಪಿಗೆ ಅಷ್ಟು ಹೆದರುವ ನಾವು 61,500 ರೂಪಾಯಿಗೆ ಒಂದು ರೀಡಿಂಗ್ ಕೂಡ ತಾಳೆ ನೋಡಲಿಲ್ಲ.

ಕೊನೆಗೆ ಮಾರಿ ಹೊರಬಂದಾಗ ಉಳಿದದ್ದು 17,200. ಅದಷ್ಟನ್ನೂ ಆ ಗೆಳೆಯನ ಕೈಗೇ ಕೊಟ್ವಿ. ಅವನು ಊರಿಗೆ ಹೋಗಿ ಅವ್ವನ ಮುಂದೆ ಎಲ್ಲವನ್ನೂ ತಾನೇ ಹೇಳಿದ. ಅವರು ಬೈಯಲಿಲ್ಲವಂತೆ, ಆ ಕಂಪನಿ ಎಲ್ಲಿದೆ, ಯಾರು ನೋಡಿ ಬಂದಿದ್ದರು ಅಂತ ಕೇಳಿದರಂತೆ. ಅವನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹತ್ತಿರವೂ ಇರಲಿಲ್ಲ. ಬಳೆ ಬಿಡಿಸೋಕೆ ಕಡಿಮೆ ಬಿದ್ದದ್ದನ್ನು ಉಳಿದ ಆರು ಮಂದಿ ತಿಂಗಳು ತಿಂಗಳು ಸೇರಿಸಿ ಕಟ್ಟುತ್ತಿದ್ದೇವೆ. ಇನ್ನು ನಾಲ್ಕು ಕಂತು ಬಾಕಿ ಇದೆ.